ಟೆನರ್ ಸಾಲಿನಲ್ಲಿ ಇಬ್ಬರೇ

ಮಂಗಳೂರಿನ ನಮ್ಮ ಸಭೆಯ ಕ್ವಾಯರಿನಲ್ಲಿ ನಾನು ಬೇಸ್ ಸಾಲಿನವನು. ಹಿಂದಿನ ಸಾಲಲ್ಲಿ ನಿಲ್ಲುವವನಿಗೆ ಎಲ್ಲರ ಮಾತೂ ಕೇಳಿಸುತ್ತದೆ, ಯಾರೂ ಅವನನ್ನು ಅಭಿಪ್ರಾಯ ಕೇಳುವುದಿಲ್ಲ. ಡಿಸೆಂಬರ್ ಬಂದರೆ ನಮ್ಮ ಕ್ವಾಯರಿನವರಿಗೆ ಮನೆಯ ದಾರಿ ಮರೆತುಹೋಗುತ್ತದೆ. ಆಗಮನ ಕಾಲದ ನಾಲ್ಕು ಭಾನುವಾರ, ಕ್ಯಾರಲ್ ಸರ್ವಿಸ್, ರಾತ್ರಿ ಮನೆಮನೆಗೆ ಕ್ಯಾರಲ್ ರೌಂಡ್ಸ್, ಸಂಡೆ ಸ್ಕೂಲ್ ಮಕ್ಕಳ ಕಾರ್ಯಕ್ರಮಕ್ಕೆ ಹಿಮ್ಮೇಳ, 24ರ ರಾತ್ರಿ, 25ರ ಬೆಳಿಗ್ಗೆ, 31ರ ವರ್ಷಾಂತ್ಯದ ಆರಾಧನೆ, ಮತ್ತೆ ಒಂದನೇ ತಾರೀಕು. ಇವೆಲ್ಲದರ ನಡುವೆ ಪ್ರಾಕ್ಟೀಸ್. ಕಡಲಬದಿಯ ಊರು ನಮ್ಮದು. ಡಿಸೆಂಬರಿನಲ್ಲೂ ಕ್ವಾಯರ್ ಗೌನಿನೊಳಗೆ ಬೆವರು ಇಳಿಯುತ್ತದೆ.

ಒಂದು ಸಂಜೆ ಪ್ರಾಕ್ಟೀಸ್ ಮುಗಿದು ಬೆಂಚು ಸರಿಸುತ್ತಿದ್ದಾಗ ಇಬ್ಬರ ಮಾತು ಶುರುವಾಯಿತು. ಒಬ್ಬರು ಆಲ್ಟೊ ಸಾಲಿನ ಹಿರಿಯರು. ನಿವೃತ್ತ ಶಾಲಾ ಶಿಕ್ಷಕಿ. ಹೆಸರಿಗೆ ಆಲ್ಟೊ, ನಿಜಕ್ಕೂ ಕ್ವಾಯರ್ ನಡೆಯುವುದು ಅವರ ಕಣ್ಣಳತೆಯಲ್ಲಿ. ಇನ್ನೊಬ್ಬ ಟೆನರ್ ಹುಡುಗ, ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತಿದ್ದೇನೆ.

ಟೆನರ್: ಆಂಟಿ, ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಇವತ್ತಿನ ಪ್ರಾರ್ಥನೆಗೆ ನಂಗೆ ಆಮೆನ್ ಹೇಳ್ಲಿಕ್ಕೆ ಆಗ್ಲಿಲ್ಲ.

ಆಲ್ಟೊ: ಗಂಟಲು ಕಟ್ಟಿತ್ತಾ? ಕಾಳುಮೆಣಸು ಕಲ್ಲುಸಕ್ಕರೆ ಬಾಯಲ್ಲಿಟ್ಟುಕೊ ಅಂತ ಹೇಳಿದ್ದೆ.

ಟೆನರ್: ಗಂಟಲು ಸರಿ ಉಂಟು. ಕೃತಜ್ಞತೆ ತುಂಬಿದ ಮನಸ್ಸಿನಿಂದ ಹಾಡುವ ಹಾಗೆ ಮಾಡು ಅಂತ ಸಭಾಪಾಲಕರು ಬೇಡಿಕೊಂಡ್ರಲ್ಲ, ನನ್ನಲ್ಲಿ ತುಂಬಿದ್ದು ನಿದ್ದೆ ಮಾತ್ರ. 24ರ ರಾತ್ರಿ ನಂಗೆ ಬಿಡುವು ಬೇಕಾದ್ರೆ ಬೇರೆಯವರ ನೈಟ್ ಡ್ಯೂಟಿ ನಾನು ಮಾಡ್ಬೇಕು. ಅದು ಮುಗಿಸಿ ಇಲ್ಲಿಗೆ, ಇಲ್ಲಿಂದ ಮತ್ತೆ ಅಲ್ಲಿಗೆ. ಹಾಡು ಅಂದ್ರೆ ಹಾಡ್ತೇನೆ. ಕೃತಜ್ಞನಾಗಿ ಹಾಡು ಅಂದ್ರೆ ಎಲ್ಲಿಂದ ತರ್ಲಿ?

ಆಲ್ಟೊ: ತರ್ಲಿಕ್ಕೆ ಯಾರು ಹೇಳಿದ್ರು? ನೀನು ಹಾಡುವುದು ನಿನ್ನ ಡೈರಿ ಅಲ್ಲ ಮಾರಾಯ. ಆ ಹಾಡು ನೀನು ಹುಟ್ಟುವ ಮೊದಲೇ ಇತ್ತು. ಅದರಲ್ಲಿ ಸ್ತೋತ್ರ ಉಂಟು. ನಿನ್ನ ಕೆಲಸ ಸ್ವರ ಸರಿ ಹಿಡಿದು ಅದನ್ನು ದಾಟಿಸುವುದು. ನಿಂಗೆ ಆ ಹೊತ್ತಿಗೆ ಎಂತ ಅನ್ನಿಸ್ತದೆ ಅಂತ ಯಾರೂ ಲೆಕ್ಕ ಇಟ್ಟಿಲ್ಲ.

ಟೆನರ್: ಇಡುವವನೊಬ್ಬ ಇದ್ದಾನೆ ಅಂತ ಸಂಡೆ ಸ್ಕೂಲಲ್ಲಿ ನೀವೇ ಕಲಿಸಿದ್ದು.

ಆಲ್ಟೊ: (ನಗುತ್ತಾ) ಅವನಿಗೆ ನಿನ್ನ ಡ್ಯೂಟಿ ಚಾರ್ಟೂ ಗೊತ್ತುಂಟು.

ಟೆನರ್: ನಾನು ಕಂಡದ್ದು ಹೇಳ್ತೇನೆ. ನಮ್ಮಲ್ಲಿ ಪೇಷೆಂಟಿನ ಕಡೆಯವರು ಸ್ವೀಟ್ ಬಾಕ್ಸ್ ತಂದು ಕೈ ಹಿಡಿದು ಮಾತಾಡ್ಸುವುದು ಡಿಸ್ಚಾರ್ಜ್ ದಿನ. ಐಸಿಯು ಹೊರಗೆ ಚಾಪೆ ಹಾಕ್ಕೊಂಡು ಕೂತ ದಿನ ಅಲ್ಲ. ಆಗ ಅವರಿಗೆ ಬಿಲ್ಲು, ಔಷಧಿ ಚೀಟಿ, ರಕ್ತ ಕೊಡುವವರ ಫೋನ್ ನಂಬರ್, ಇಷ್ಟೇ. ಆ ಹೊತ್ತಿಗೆ ಯಾರಾದ್ರೂ ಹೋಗಿ ಸ್ವಲ್ಪ ಕೃತಜ್ಞತೆ ಇಟ್ಟುಕೊಳ್ಳಿ ಅಂದ್ರೆ ಹೊಡೀತಾರೆ. ನಮ್ಮ ಡಿಸೆಂಬರ್ ಅಂದ್ರೆ ಐಸಿಯು ಹೊರಗಿನ ಚಾಪೆ ಆಂಟಿ. ಅದೆಲ್ಲ ಜನವರಿಯಲ್ಲಿ ಕೇಳಿ.

ಆಲ್ಟೊ: ಜನವರಿಯಲ್ಲಿ ಕೇಳಿದ್ರೆ ನೀವೆಲ್ಲ ಕೊಡ್ತೀರಾ? ಜನವರಿಯಲ್ಲಿ ನೀವ್ಯಾರೂ ಪ್ರಾಕ್ಟೀಸಿಗೇ ಬರುವುದಿಲ್ಲ.

ಈ ಮಾತಿಗೆ ಹಿಂದಿನ ಬೆಂಚಿನಲ್ಲಿ ನಾನು ತಲೆ ತಗ್ಗಿಸಿದೆ.

ಟೆನರ್: ಬರುವುದಿಲ್ಲ, ಯಾಕಂದ್ರೆ ಡಿಸೆಂಬರಲ್ಲಿ ಹಿಂಡಿ ಆಗಿರ್ತದೆ. ದಾವೀದನಿಗೆ ಇದು ಗೊತ್ತಿತ್ತು. ಪೂರ್ವಕಾಲವೃತ್ತಾಂತದ ಮೊದಲ ಭಾಗ, 25ನೇ ಅಧ್ಯಾಯ ತೆಗೀರಿ. ಹಾಡುವವರು 288 ಮಂದಿ. ಚೀಟು ಹಾಕಿ 24 ಗುಂಪು ಮಾಡಿದ್ರು, ಒಂದೊಂದು ಗುಂಪಿಗೆ 12 ಜನ, ಸರದಿ ಪ್ರಕಾರ ಸೇವೆ. ಅದೇ ಪುಸ್ತಕದ 9ನೇ ಅಧ್ಯಾಯದಲ್ಲಿ ಇನ್ನೂ ಒಂದು ಉಂಟು. ಹಗಲು ರಾತ್ರಿ ಹಾಡಿನ ಕೆಲಸ ಇದ್ದದ್ದರಿಂದ ಅವರಿಗೆ ಬೇರೆ ಕೆಲಸ ಮಾಫಿ. ನಂಗೆ ಯಾರು ಮಾಫಿ ಮಾಡ್ತಾರೆ? ವಾರ್ಡ್ ಸಿಸ್ಟರ್ ಮಾಡ್ತಾರಾ?

ಆಲ್ಟೊ: 288 ಇದ್ದವನಿಗೆ ಸರದಿ ಮಾಡ್ಲಿಕ್ಕೆ ಎಂತ ಕಷ್ಟ! ನಮ್ಮಲ್ಲಿ ತಲೆ ಎಣಿಸು. ಅದರಲ್ಲಿ ಅರ್ಧ ಜನ ತುಟಿ ಆಡಿಸುವವರು. ಬಾಖ್‌ನ ಕಥೆ ನಿಂಗೆ ಗೊತ್ತುಂಟಲ್ಲ? 1730ರಲ್ಲಿ ಲೈಪ್‌ಜಿಗ್ ನಗರಸಭೆಗೆ ಅವ ಒಂದು ಉದ್ದದ ಅರ್ಜಿ ಬರೆದ. ಸೇಂಟ್ ಥಾಮಸ್ ಶಾಲೆಯ ಹುಡುಗರಲ್ಲಿ 17 ಮಂದಿ ಆಗ್ತದೆ, 20 ಮಂದಿ ಈಗ ಆಗುವುದಿಲ್ಲ, 17 ಮಂದಿ ಯಾವಾಗಲೂ ಆಗುವುದಿಲ್ಲ ಅಂತ ಪಟ್ಟಿ ಕೊಟ್ಟಿದ್ದಾನೆ. ಅಂಥವರನ್ನು ಇಟ್ಕೊಂಡೇ 1734ರ ಕ್ರಿಸ್ಮಸಿಗೆ ಆರು ಭಾಗದ ಒರೆಟೋರಿಯೊ ಹಾಡಿಸಿದ. 25, 26, 27 ಮೂರು ದಿನ ಒಂದೊಂದು ಭಾಗ, ಮತ್ತೆ ಹೊಸ ವರ್ಷ, ಅದರ ಮೇಲಿನ ಭಾನುವಾರ, ಜನವರಿ 6. ಅದರಲ್ಲೂ ಕೆಲವು ದಿನ ಬೆಳಿಗ್ಗೆ ಒಂದು ದೇವಾಲಯ, ಮಧ್ಯಾಹ್ನ ಇನ್ನೊಂದು. ನಮ್ಮದು ಅದಕ್ಕಿಂತ ಹೆಚ್ಚಾ?

ಟೆನರ್: ಅವನಿಗೆ ಸಂಬಳ ಇತ್ತು.

ಆಲ್ಟೊ: ಹುಡುಗರಿಗೆ?

ಟೆನರ್: ಊಟ, ವಸತಿ, ಶಾಲೆ. ಇಲ್ಲಿ ನಮಗೆ ಕೇಕು, ಬ್ಲ್ಯಾಕ್ ಟೀ. ಅದಿರ್ಲಿ, ನೀವು ಒಂದು ಬಿಟ್ಟು ಹೇಳಿದ್ರಿ. ಲೈಪ್‌ಜಿಗಿನಲ್ಲಿ ಆಗಮನ ಕಾಲದ ಮೊದಲ ಭಾನುವಾರ ಕಳೆದ್ರೆ ಮುಂದಿನ ಮೂರು ಭಾನುವಾರ ವಾದ್ಯ, ಕಾಂಟಾಟ ಯಾವುದೂ ಇಲ್ಲ. ಸಭೆಯವರು ಹಾಡುವ ಸಾದಾ ಕೀರ್ತನೆ ಮಾತ್ರ. ಕಾಯುವ ಕಾಲ ಅಂದ್ರೆ ಕಾಯುವುದು. ನಾವು ಆ ಮೂರು ಭಾನುವಾರವೂ ಆ್ಯಂಥೆಮ್ ಹಾಡ್ತೇವೆ, ಆಮೇಲೆ ಹಬ್ಬದ ದಿನ ನಮ್ಮ ಸ್ವರ ಗಂಜಿ ಆಗಿರ್ತದೆ. ಇನ್ನೊಂದು. ಆ ಒರೆಟೋರಿಯೊದ ಮೊದಲ ಹಾಡೇ ಹೊಸದಲ್ಲ. ಹಿಂದಿನ ವರ್ಷ ರಾಣಿಯ ಹುಟ್ಟುಹಬ್ಬಕ್ಕೆ ಮಾಡಿದ್ದನ್ನು ಸಾಹಿತ್ಯ ಬದಲಿಸಿ ಹಾಕಿದ್ದು. ನಾನು ಹೋದ ವರ್ಷದ್ದೇ ಹಾಡುವ ಅಂದ್ರೆ ನೀವು ಮುಖ ಸಿಂಡರಿಸ್ತೀರಿ.

ಆಲ್ಟೊ: ಅದು ಸರಿ. ಹೋದ ವರ್ಷದ್ದು ಹಾಡಬಹುದು. ಆದ್ರೆ ಬಾಖ್ ತನ್ನ ಎಷ್ಟೋ ಹಸ್ತಪ್ರತಿಗಳ ಕೊನೆಗೆ ಎಂತ ಬರೀತಿದ್ದ? ಮೂರು ಅಕ್ಷರ. ದೇವರೊಬ್ಬನಿಗೇ ಮಹಿಮೆ ಅಂತ. ಮಧ್ಯರಾತ್ರಿ ಮೇಣದಬತ್ತಿಯ ಬೆಳಕಲ್ಲಿ ನಾಳೆ ಬೆಳಿಗ್ಗೆಯ ಆರಾಧನೆಗೆ ಗೀಚಿ ಮುಗಿಸಿದಾಗ ಅವನ ಮನಸ್ಸು ತುಂಬಿ ಬಂದಿತ್ತು ಅಂತ ನಾನು ನಂಬುವುದಿಲ್ಲ. ಬೆರಳು ನೋಯ್ತಿತ್ತು, ಅಷ್ಟೆ. ಆದ್ರೂ ಬರೆದ. ಅಭ್ಯಾಸ ಮಾರಾಯ! ನಾನು ಹೇಳುವುದೂ ಅದೇ. ಅನ್ನಿಸ್ಲಿ ಬಿಡ್ಲಿ, ಕೊನೆಗೆ ಆ ಮೂರು ಅಕ್ಷರ ಹಾಕುವುದು.

ಟೆನರ್: ಅದೇ ಕೈಯಿಂದ ಅರ್ಜಿಯನ್ನೂ ಬರೆದ. ಅದು ನಂಗೆ ಇಷ್ಟ. ಸ್ತೋತ್ರ ಬರೆಯುವವ ದೂರು ಕೊಡ್ಬಾರ್ದು ಅಂತ ಅವನಿಗೆ ಯಾರೂ ಹೇಳ್ಲಿಲ್ಲ. ನಮ್ಮಲ್ಲಿ ಸುಸ್ತಾಯ್ತು ಅಂದ್ರೆ, "ದೇವರ ಕೆಲಸಕ್ಕೆ ಸುಸ್ತು ಅಂತೀಯಾ" ಅಂತ ಬಾಯಿ ಮುಚ್ಚಿಸ್ತಾರೆ. ಕೃತಜ್ಞತೆ ಅನ್ನುವುದು ಬೀಗ ಆಗ್ಬಾರ್ದು.

ಆಲ್ಟೊ: ಕೊಡು ದೂರು. ಬಾಖ್‌ನ ಹಾಗೆ ಕಾಗದದಲ್ಲಿ ಬರೆದು ಕಮಿಟಿಗೆ ಕೊಡು. ಬೆಂಚು ಎಳೆಯುವಾಗ ನನ್ನ ಹತ್ರ ಹೇಳಿದ್ರೆ ಎಂತ ಪ್ರಯೋಜನ?

ಟೆನರ್: ಕಮಿಟಿಗಿಂತ ನಿಮ್ಮ ಹತ್ರ ಹೇಳುವುದು ಕಷ್ಟ. ಅದಕ್ಕೆ ಮೊದಲು ಇಲ್ಲಿ.

ಆಂಟಿ ಸ್ವಲ್ಪ ಹೊತ್ತು ಪುಸ್ತಕಗಳನ್ನು ಜೋಡಿಸಿದರು. ಅವರ ಮುಂದಿನ ಮಾತು ಅಷ್ಟು ಬೇಗ ಬರಲಿಲ್ಲ.

ಆಲ್ಟೊ: ನಮ್ಮ ಮನೆಯವರು ತೀರಿಕೊಂಡದ್ದು ಒಂದು ನವೆಂಬರಿನಲ್ಲಿ. ಆ ಕ್ರಿಸ್ಮಸಿಗೆ ನಾನು ಬಂದು ನನ್ನ ಜಾಗದಲ್ಲಿ ನಿಂತೆ. ಬಾಯಿ ತೆರೆದೆ, ಸ್ವರ ಬರ್ಲಿಲ್ಲ. ಕೊನೆಯ ಚರಣದಲ್ಲಿ ಒಂದು ಉದ್ದದ ಸ್ವರ ಉಂಟಲ್ಲ, ಎಲ್ಲರೂ ಒಟ್ಟಿಗೆ ಉಸಿರು ತೆಗೆದ್ರೆ ಕಡಿದು ಹೋಗ್ತದೆ ಅಂತ ಒಬ್ಬೊಬ್ಬರು ಒಂದೊಂದು ಕಡೆ ಕದ್ದು ಉಸಿರು ತೆಗೆಯುವುದು?

ಟೆನರ್: ಹೌದು.

ಆಲ್ಟೊ: ಕೇಳುವವರಿಗೆ ಅದು ಒಂದೇ ಎಳೆ. ಒಳಗೆ ನೋಡಿದ್ರೆ ಯಾವಾಗಲೂ ಯಾರೋ ಒಬ್ಬರು ಸುಮ್ಮನೆ ಇದ್ದಾರೆ. ನಾನು ಅವತ್ತು ಇಡೀ ಆರಾಧನೆ ಉಸಿರು ತೆಗೆದೆ, ಆಲ್ಟೊ ನಿಲ್ಲಲಿಲ್ಲ. ಎಡಬದಿಯವಳು ಹಾಡಿದಳು, ಬಲಬದಿಯವಳು ಹಾಡಿದಳು. ನನ್ನ ಪಾಲಿನ ಸ್ತೋತ್ರ ನಾನಿಲ್ಲದೆ ನಡೀತು. ಮನೆಯಲ್ಲಿ ಮಲಗಿದ್ದಿದ್ರೆ ಅದು ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಅವತ್ತಿಂದ ಮನಸ್ಸು ತುಂಬಿದೆಯಾ ಖಾಲಿಯಾ ಅಂತ ನಾನು ನೋಡುವುದಿಲ್ಲ. ನಿಲ್ತೇನೆ. ಉಳಿದದ್ದು ಪಕ್ಕದವರು ನೋಡ್ಕೊಳ್ತಾರೆ.

ಇಲ್ಲಿಗೆ ಮಾತು ಮುಗಿಯಬೇಕಿತ್ತು ಎಂದು ನನಗೆ ಅನ್ನಿಸಿತು. ಹುಡುಗ ಒಪ್ಪಲಿಲ್ಲ. ಒಪ್ಪದ್ದೇ ಒಳ್ಳೆಯದಾಯಿತು.

ಟೆನರ್: ಆಂಟಿ, ನಿಮ್ಮ ಸಾಲಲ್ಲಿ ಏಳು ಮಂದಿ. ನಮ್ಮ ಸಾಲಲ್ಲಿ ನಾವಿಬ್ಬರೇ. ನಾನು ಉಸಿರು ತೆಗೆದ್ರೆ ಟೆನರ್ ಅರ್ಧ ಆಗ್ತದೆ, ಅವ ಕೆಮ್ಮಿದ್ರೆ ಟೆನರೇ ಇಲ್ಲ. ನೀವು ಅವತ್ತು ಸುಮ್ಮನೆ ನಿಲ್ಲಬಹುದಿತ್ತು, ಯಾಕಂದ್ರೆ ನಿಮಗೆ ಪಕ್ಕದವರು ಇದ್ರು. ನಂಗೆ ಪಕ್ಕದವರು ಇಲ್ಲ.

ಆಲ್ಟೊ: ಅದು ಹೌದು.

ಟೆನರ್: ಇನ್ನೊಂದು. ಉಸಿರು ಸರದಿ ಮೇಲೆ ತೆಗೀಬಹುದಾದ್ರೆ ಭಾನುವಾರ ಯಾಕೆ ತೆಗೀಬಾರ್ದು? ಈ ವಾರ ಒಬ್ಬ, ಮುಂದಿನ ವಾರ ಇನ್ನೊಬ್ಬ.

ಆಲ್ಟೊ: ಅದಕ್ಕೂ ಒಂದು ನಿಯಮ ಉಂಟು. ಪಕ್ಕದವ ತೆಗೆಯುವಾಗ ನೀನು ತೆಗೀಬಾರ್ದು. ನೀವು ಹುಡುಗರು ರಜೆ ಮಾಡುವುದು ಹೇಗೆ? ಹಬ್ಬ ಕಳೆದ ಭಾನುವಾರ ಎಲ್ಲರೂ ಒಟ್ಟಿಗೆ! ನಾನು, ಕೀಬೋರ್ಡಿನವ, ಗೋಡೆ. ಮೂರು ಜನ ಹಾಡುವುದು.

ಟೆನರ್: ಗೋಡೆ ಯಾವ ಪಾರ್ಟ್?

ಆಲ್ಟೊ: ಬೇಸ್. ಅಲುಗುವುದಿಲ್ಲ.

ನಾನು ಕೇಳಿಸದವನಂತೆ ಇದ್ದೆ.

ಟೆನರ್: ಮತ್ತೆ ಆ ಕ್ಯಾರಲ್ ರೌಂಡ್ಸ್. ಮೊನ್ನೆ ಜೆಪ್ಪು ಕಡೆ ಹೋದದ್ದು ನೆನಪುಂಟಾ? ಒಳಗಿನ ಓಣಿಯ ಮನೆ, ಅಜ್ಜ ಒಬ್ಬರೇ ಇದ್ದದ್ದು. ನಾವು ಬಾಗಿಲಲ್ಲಿ ನಿಂತು ಶುರು ಮಾಡುವಾಗಲೇ ಅವರು ಕೈ ಎತ್ತಿದ್ರು. ಹಾಡು ಬೇಡ, ಐದು ನಿಮಿಷ ಕೂತ್ಕೊಳ್ಳಿ ಅಂದ್ರು. ನಾವೆಂತ ಮಾಡಿದ್ದು? ಒಂದು ಚರಣ ಹಾಡಿ, ಪ್ರಾರ್ಥನೆ ಮಾಡಿ, ಕಾಣಿಕೆ ಡಬ್ಬಿ ಮುಂದೆ ಹಿಡಿದು, ಹ್ಯಾಪಿ ಕ್ರಿಸ್ಮಸ್ ಹೇಳಿ ಹೊರಟದ್ದು. ಮುಂದೆ ಇನ್ನೂ ಮನೆ ಉಂಟಲ್ಲ! ಆ ಅಜ್ಜನ ಮನೆಯ ಕೇಕ್ ತುಂಡು ಕೈಯಲ್ಲೇ ಇತ್ತು ನಂಗೆ, ತಿನ್ಲಿಕ್ಕೂ ಆಗ್ಲಿಲ್ಲ, ಬಿಸಾಡ್ಲಿಕ್ಕೂ ಆಗ್ಲಿಲ್ಲ. ಅವರು ನಮಗೆ ಕೊಡ್ಬೇಕು ಅಂತ ಇದ್ದದ್ದು ನಾವು ತೆಗೊಳ್ಳಲಿಲ್ಲ. ನಾವು ಕೊಡುವ ಅವಸರದಲ್ಲೇ ಇದ್ದೆವು.

ಆಲ್ಟೊ: ನಾನು ಮರುದಿನ ಹೋದೆ.

ಟೆನರ್: ಹೋದ್ರಾ?

ಆಲ್ಟೊ: ಒಂದು ಗಂಟೆ ಕೂತೆ. ಅವರ ಅಪ್ಪ ಹಂಚಿನ ಕಾರ್ಖಾನೆಯಲ್ಲಿದ್ದ ಕಥೆ ಎಲ್ಲ ಹೇಳಿದ್ರು. ಆದ್ರೆ ರೌಂಡ್ಸಿಗೆ ಹೋಗದಿದ್ರೆ ಆ ಓಣಿಯಲ್ಲಿ ಒಬ್ಬರೇ ಇದ್ದಾರೆ ಅಂತ ನಂಗೆ ಹೇಗೆ ಗೊತ್ತಾಗ್ತಿತ್ತು?

ಟೆನರ್: ನೀವು ಹೋದ್ರಿ. ಕ್ವಾಯರ್ ಹೋಗ್ಲಿಲ್ಲ.

ಆಲ್ಟೊ: ಕ್ವಾಯರ್ ಅಂದ್ರೆ ಯಾರು ಮತ್ತೆ?

ಟೆನರ್: ಅರ್ಧ ಮನೆ ಕಡಿಮೆ ಮಾಡಿ, ಹೋದ ಮನೆಯಲ್ಲಿ ಕೂತ್ಕೊಳ್ಳುವ ಅಂತ ನಾನು ಹೇಳುವುದು.

ಆಲ್ಟೊ: ಯಾವ ಅರ್ಧ? ಪಟ್ಟಿ ಕೊಡ್ತೇನೆ, ನೀನೇ ಗೆರೆ ಎಳಿ. ಬಾರದ ಮನೆಯವರು ಈಸ್ಟರ್ ತನಕ ಮುಖ ತಿರುಗಿಸ್ತಾರೆ, ಆಗ ಉತ್ತರ ಕೊಡ್ಲಿಕ್ಕೆ ನಿನ್ನನ್ನೇ ಕಳಿಸ್ತೇನೆ.

ಟೆನರ್ ಪಟ್ಟಿ ಕೇಳಲಿಲ್ಲ. ಬೇರೆ ಕಡೆಯಿಂದ ಬಂದ.

ಟೆನರ್: ಇಷ್ಟು ಕಷ್ಟ ಯಾಕೆ ಅಂತ? 1818ರಲ್ಲಿ ಆಸ್ಟ್ರಿಯಾದ ಒಬೆರ್ನ್‌ಡಾರ್ಫಿನಲ್ಲಿ ಸೈಲೆಂಟ್ ನೈಟ್ ಮೊದಲ ಸಲ ಹಾಡುವಾಗ ಇದ್ದದ್ದು ಎಷ್ಟು? ಪಾದ್ರಿ ಮೋರ್, ಶಾಲಾಮಾಸ್ತರ ಗ್ರೂಬರ್, ಒಂದು ಗಿಟಾರ್. ಲೋಕವೆಲ್ಲ ಹಾಡುವ ಹಾಡಿಗೆ ಎರಡು ಕಂಠ ಸಾಕಾಯ್ತು.

ಆಲ್ಟೊ: ಅರ್ಧ ಕಥೆ ಹೇಳ್ಬೇಡ. ಮೋರ್ ಕೇಳಿದ್ದು ಎರಡು ಕಂಠ, ಗಿಟಾರ್, ಒಟ್ಟಿಗೆ ಕ್ವಾಯರ್. ಶಾಲಾಮಾಸ್ತರನ ಕ್ವಾಯರ್ ಅಲ್ಲಿಯೂ ನಿಂತಿತ್ತು, ಯಾರೂ ಅವರ ಹೆಸರು ಬರೆದಿಡ್ಲಿಲ್ಲ. ಆ ಕ್ವಾಯರಲ್ಲಿಯೂ ಒಬ್ಬ ಟೆನರ್ ಆಕಳಿಸ್ತಾ ಇದ್ದಿರ್ಬೇಕು.

ಟೆನರ್: ಅವನ ಪರವಾಗಿಯೇ ನಾನು ಮಾತಾಡುವುದು. ನಾಲ್ಕು ಪಾರ್ಟ್ ಬೇಡ, ಒಂದೇ ರಾಗ, ಭಜನೆ ಹಾಗೆ, ಇಡೀ ಸಭೆ ಹಾಡ್ಲಿ. ನಿಘಂಟು ಮಾಡಿದ ಕಿಟೆಲ್ ಸಾಹೇಬರು 1862ರಲ್ಲೇ ಕನ್ನಡದ ಛಂದಸ್ಸಲ್ಲಿ ಕಥಾಮಾಲೆ ಬರೆದು ಈ ಊರಲ್ಲೇ ಅಚ್ಚು ಹಾಕಿಸಿದ್ರು. ಜರ್ಮನಿಯಿಂದ ಬಂದವರಿಗೆ ಹೊಳೆದದ್ದು ನಮಗೆ ಹೊಳೆಯುವುದಿಲ್ಲ. ನಾವು ಈಗಲೂ ಜರ್ಮನ್ ರಾಗಕ್ಕೆ ನಾಲ್ಕು ಸಾಲು ಮಾಡಿ ಬೆವರು ಸುರಿಸುವುದು.

ಆಲ್ಟೊ: ಆ ಜರ್ಮನ್ ರಾಗ ನನ್ನ ಅಜ್ಜಿ ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಹಾಡ್ತಿದ್ದದ್ದು. ಅದು ಈಗ ಜರ್ಮನಿಯದ್ದಲ್ಲ. ಭಜನೆ ಹಾಡುವ, ಬೇಡ ಅಂದವರು ಯಾರು? ಆದ್ರೆ ನನ್ನ ಆಲ್ಟೊ ಗೆರೆ ಉಂಟಲ್ಲ, ಮೂರೇ ಮೂರು ಸ್ವರದಲ್ಲಿ ಸುತ್ತುವುದು, ಒಂಟಿಯಾಗಿ ಹಾಡಿದ್ರೆ ಅದು ಹಾಡೇ ಅಲ್ಲ. ಉಳಿದ ಮೂರು ಸಾಲು ಸೇರಿದಾಗಲೇ ಅದಕ್ಕೊಂದು ಬೆಲೆ. ಹಾಗೆ ಬೇರೆಯವರಿಂದ ಬೆಲೆ ಬರುವ ಜಾಗದಲ್ಲಿ ನಿಂತು ನಿಂತು ನಂಗೆ ಅಭ್ಯಾಸ ಆಗಿದೆ. ನೀನು ಅದನ್ನು ಬಿಡು ಅಂದ್ರೆ ನಾನು ಎಲ್ಲಿ ನಿಲ್ಲುವುದು?

ಆಂಟಿಯ ಮಾತಿನಲ್ಲಿ ಇದು ತರ್ಕಕ್ಕಿಂತ ಹೆಚ್ಚು ಬೇಡಿಕೆಯಾಗಿತ್ತು ಎಂದು ನನ್ನ ಲೆಕ್ಕ. ಹುಡುಗನಿಗೂ ಹಾಗೇ ಕೇಳಿಸಿರಬೇಕು, ಅವನ ದನಿ ಇಳಿಯಿತು.

ಆಲ್ಟೊ: ಹತ್ತು ಮಂದಿ ಕುಷ್ಠರೋಗಿಗಳು ಗುಣ ಆದ್ರು, ಸ್ತೋತ್ರ ಹೇಳ್ಲಿಕ್ಕೆ ತಿರುಗಿ ಬಂದವನು ಒಬ್ಬ. ನಾವು ಆ ಒಬ್ಬನ ಹಾಗೆ ಆಗ್ಬೇಕು ಅಂತ ನನ್ನ ಆಸೆ, ಇಷ್ಟೇ.

ಟೆನರ್: ಆ ಒಂಬತ್ತು ಮಂದಿಯ ಮೇಲೆ ನಂಗೆ ಯಾವಾಗಲೂ ಕನಿಕರ. ಅವರು ಸುಮ್ಮನೆ ಓಡಿ ಹೋದದ್ದಲ್ಲ. ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಅಂತ ಹೇಳಿದ್ದು ಯೇಸುವೇ. ಅವರು ಹೇಳಿದ ಕೆಲಸಕ್ಕೇ ಹೋಗ್ತಿದ್ರು. ನಾವೂ ಹೇಳಿದ ಕೆಲಸಕ್ಕೇ ಹೋಗ್ತಾ ಇದ್ದೇವೆ. ಪ್ರಾಕ್ಟೀಸಿಗೆ, ರೌಂಡ್ಸಿಗೆ, ಗೌನ್ ಇಸ್ತ್ರಿಗೆ.

ಆಲ್ಟೊ: ಹಾಗೆ ನಾನು ಎಣಿಸಿರ್ಲಿಲ್ಲ.

ಟೆನರ್: ತಿರುಗಿ ಬಂದವನು ಯಾರು? ಸಮಾರ್ಯದವನು. ಯೆರೂಸಲೇಮಿನ ದೇವಾಲಯದಲ್ಲಿ ಅವನಿಗೆ ಯಾವ ಜಾಗವೂ ಇರ್ಲಿಲ್ಲ. ಅವನ ಹೆಸರು ಯಾವ ಡ್ಯೂಟಿ ಪಟ್ಟಿಯಲ್ಲೂ ಇರ್ಲಿಲ್ಲ ಆಂಟಿ. ಅವನಿಗೆ ನಿಂತು ತಿರುಗಿ ನೋಡ್ಲಿಕ್ಕೆ ಪುರುಸೊತ್ತಿತ್ತು.

ಆಲ್ಟೊ: ಆದ್ರೆ ಒಂಬತ್ತು ಮಂದಿ ಎಲ್ಲಿ ಅಂತ ಯೇಸು ಕೇಳಿದ್ದೂ ಉಂಟು. ಅದನ್ನು ನೀನು ನುಂಗಬಾರ್ದು.

ಟೆನರ್: ನುಂಗುವುದಿಲ್ಲ. ಆ ಪ್ರಶ್ನೆ ನಂಗೂ ಚುಚ್ಚುತ್ತದೆ. ಅದಕ್ಕೇ ಕೇಳುವುದು, ನಂಗೆ ಹಬ್ಬ ಕಳೆದ ಭಾನುವಾರ ಬಿಡುವು ಕೊಡಿ.

ಆಲ್ಟೊ: ಮಲಗ್ಲಿಕ್ಕೆ?

ಟೆನರ್: ಅಲ್ಲ. ಬೆಂಚಲ್ಲಿ ಕೂತ್ಕೊಳ್ಳಿಕ್ಕೆ. ಅಮ್ಮನ ಪಕ್ಕ. ಕ್ರಿಸ್ಮಸ್ ಕೀರ್ತನೆ ಎದುರಿನಿಂದ ಹೇಗೆ ಕೇಳಿಸ್ತದೆ ಅಂತ ನಂಗೆ ಮರೆತೇ ಹೋಗಿದೆ. ನಂಗೆ ಕೇಳುವುದು ನನ್ನ ಗೆರೆ, ನಿಮ್ಮ ಕೆಮ್ಮು, ಹಿಂದಿನಿಂದ ಇವರ ಬೇಸ್. ಒಂದು ಸಲ ಯಾರೋ ಹಾಡುವುದನ್ನು ನಾನು ಸುಮ್ಮನೆ ತೆಗೊಳ್ಬೇಕು. ಕೊಡುವುದು ಆಮೇಲೆ.

ಆಲ್ಟೊ: ಮನೆಯಲ್ಲಿ ಬಿದ್ದುಕೊಳ್ತೀ ಅಂತ ಎಣಿಸಿದೆ. (ಸ್ವಲ್ಪ ತಡೆದು) ಬೆಂಚಲ್ಲಿ ಕೂತ್ರೆ ನಿಂಗೆ ನಮ್ಮ ತಪ್ಪು ಮಾತ್ರ ಕೇಳಿಸ್ತದೆ, ಹೇಳಿದ್ದೇನೆ. ನಂಗೂ ಹಾಗೇ. ಬೇರೆ ಸಭೆಗೆ ಮದುವೆಗೆ ಹೋದ್ರೂ ಅವರ ಆಲ್ಟೊ ಫ್ಲ್ಯಾಟ್ ಆದದ್ದೇ ಕಿವಿಗೆ ಬೀಳ್ತದೆ, ವಧುವಿನ ಮುಖ ಕಾಣುವುದಿಲ್ಲ.

ಟೆನರ್: ಅದಾದ್ರೂ ಗೊತ್ತಾಗ್ಲಿ.

ಆಲ್ಟೊ: ಹಬ್ಬ ಕಳೆದ ಭಾನುವಾರವೇ ಯಾಕೆ? ಆವತ್ತು ಇನ್ನೊಬ್ಬ ಟೆನರ್ ಹೆಂಡತಿಯ ಊರಿಗೆ ಹೋಗುವವ. ಜನವರಿ ಎರಡನೇ ಭಾನುವಾರ ತೆಗೊ.

ಟೆನರ್: ಆವತ್ತು ನಂಗೆ ಡ್ಯೂಟಿ.

ಆಲ್ಟೊ: ಮೂರನೆಯದು?

ಟೆನರ್: ಆಗ ಕ್ರಿಸ್ಮಸ್ ಕೀರ್ತನೆ ಯಾರು ಹಾಡ್ತಾರೆ ಆಂಟಿ?

ಆಂಟಿ ಉತ್ತರ ಕೊಡದೆ ನನ್ನ ಕಡೆ ತಿರುಗಿದರು. ಅಷ್ಟು ಹೊತ್ತಿಗೆ ನಾನು ಅಲ್ಲಿರುವುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ತಿಳಿಯಿತು.

"ನಿಂಗೆ ಮೇಲಿನ ಎಫ್ ಮುಟ್ತದಾ?"

ಮುಟ್ಟುವುದಿಲ್ಲ ಎಂದೆ. ಹಾಗೆಂದು ಕೀರ್ತನೆಯನ್ನು ಒಂದು ಸ್ವರವೂ ಇಳಿಸಲು ಆಂಟಿ ಬಿಡುವುದಿಲ್ಲ. ಅಚ್ಚಾದ ಶ್ರುತಿಯಲ್ಲೇ ಹಾಡಬೇಕು, ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಸೋಮಾರಿಗಳಿಗೆ ಮಾಡಿದ್ದು ಎಂದು ಕಾಲಿನಲ್ಲಿ ತುಳಿಯುವ ಹಾರ್ಮೋನಿಯಂ ಕಾಲದಿಂದ ಬಂದ ಅವರ ನಂಬಿಕೆ.

"ಎಷ್ಟು ಇಳಿಸಿದ್ರೆ ಮುಟ್ತದೆ?" ಅಂದರು.

"ಎರಡು."

"ಒಂದು ಇಳಿಸ್ತೇನೆ. ಉಳಿದದ್ದು ನೀನು ಹತ್ತು. ನಾಳೆ ಅರ್ಧ ಗಂಟೆ ಬೇಗ ಬಾ."